ವಾಟಿ ಹಾಕಿದ ಶಿಳ್ಳೆ

ನಮ್ಮ ಬ್ರಾಕ್ ಲಾ ಅಂಥ ದೊಡ್ಡ ಗುಡ್ಡವೇನಲ್ಲ. ಎಡಿನ್‌ಬರೋದಿಂದ ಬಣ್ಣಬಣ್ಣದ ಜಾಕೆಟ್ಟು ಹಾಕಿಕೊಂಡು ಬರುವವರು ಅದನ್ನು ಕಣ್ಣೆತ್ತಿಯೂ ನೋಡದೆ ಆಚೆಯ ದೊಡ್ಡ ಬೆಟ್ಟಗಳಿಗೆ ಹೋಗುತ್ತಾರೆ. ಹೋಗಲಿ, ನಮಗೇನು ನಷ್ಟ! ನಾನೂ ನನ್ನ ಅಕ್ಕ ಎಫಿಯೂ ನಡೆಯಲು ಕಲಿತದ್ದೇ ಅದರ ಮೇಲೆ. ಆದರೆ ಆ ಏಪ್ರಿಲ್‌ನಲ್ಲಿ ಅರ್ಧ ಗುಡ್ಡ ಹತ್ತುವುದೇ ಎಫಿಗೆ ದೊಡ್ಡ ಸಾಹಸವಾಗಿತ್ತು. ಅವಳಿಗೆ ಶ್ವಾಸಕೋಶದ ಕ್ಯಾನ್ಸರು. ಇನ್ನು ಔಷಧಿ ಕೊಟ್ಟು ಪ್ರಯೋಜನವಿಲ್ಲ ಎಂದು ಆಸ್ಪತ್ರೆಯವರು ಕೈಚೆಲ್ಲಿದ್ದರು.

ಅವಳಿಗೆ ಉಳಿದಿದ್ದದ್ದು ಒಂದೇ ಆಸೆ. ಗುಡ್ಡದ ಮೇಲೆ ವಾಪ್ ಹಕ್ಕಿ ಕೂಗುವುದನ್ನು ಇನ್ನೊಮ್ಮೆ ಕೇಳಬೇಕು. ಕುಡುಗೋಲಿನಂತೆ ಬಾಗಿದ ಉದ್ದ ಕೊಕ್ಕಿನ ಆ ಕಂದು ಹಕ್ಕಿ ಚಳಿಗಾಲವನ್ನು ಕಡಲತೀರದಲ್ಲಿ ಕಳೆದು, ಮಾರ್ಚ್ ಬಂತೆಂದರೆ ಗೂಡು ಕಟ್ಟಲು ಇಲ್ಲಿಗೆ ಬರುತ್ತದೆ. ಅದು ಕೂಗುವ ತನಕ ನಮ್ಮಮ್ಮ ನಮಗೆ ಉಣ್ಣೆಯ ಒಳಅಂಗಿ ಬಿಚ್ಚಲು ಬಿಡುತ್ತಿರಲಿಲ್ಲ. ಎಷ್ಟು ತುರಿಸಿದರೂ ಬಿಡುತ್ತಿರಲಿಲ್ಲ. ಆ ವರ್ಷ ಮಾರ್ಚ್ ಹೋಯಿತು, ಏಪ್ರಿಲ್ ಮುಗಿಯುತ್ತ ಬಂತು, ವಾಪ್‌ನ ಸುಳಿವೇ ಇಲ್ಲ. ಅಕ್ಕಪಕ್ಕದ ಗುಡ್ಡಗಳ ತುಂಬ ಯಾರೋ ಸ್ಪ್ರೂಸ್ ಮರ ನೆಟ್ಟಿದ್ದಾರೆ. ಮರಗಳ ಒಳಗೆ ನರಿಗಳು ಸೇರಿಕೊಂಡಿವೆ. ನೆಲದ ಮೇಲೆ ಮೊಟ್ಟೆಯಿಡುವ ಹಕ್ಕಿ ಪಾಪ ಎಲ್ಲಿಗೆ ಹೋಗಬೇಕು?

ಬಿಸಿಲು ಬಿದ್ದ ಒಂದು ಮಧ್ಯಾಹ್ನ ಗುಡ್ಡ ಹತ್ತಲೇಬೇಕೆಂದು ಎಫಿ ಹಟ ಹಿಡಿದಳು. ಅವಳ ಗಂಡ ವಾಟಿ ಆ ಗುಡ್ಡದ ಕುರುಬ. ಮಾತು ಕಡಿಮೆ, ಅದೂ ಹವಾಮಾನದ ಬಗ್ಗೆ. ಅವನು, ಅವನ ನಾಯಿ ಟಿಪ್, ಎಫಿ, ನಾನು ಹೊರಟೆವು.

"ನಿಧಾನ ಹತ್ತೇ," ಎಂದೆ.

"ಇದಕ್ಕಿಂತ ನಿಧಾನ ಹತ್ತಿದ್ರೆ ಕೆಳಗಿಳೀತೀನಿ ಅಷ್ಟೇ," ಎಂದಳು ಎಫಿ. "ವಾಟಿ, ಹೊತ್ಕೊಂಡು ಹೋಗೋ."

"ಅವನಾ? ನೀನು ಕುರಿ ಆಗಿದ್ರೆ ಹೊರ್ತಿದ್ದ. ಬರೀ ಹೆಂಡ್ತಿ ಅಲ್ವಾ!" ಎಂದೆ.

ವಾಟಿ ನಗಲಿಲ್ಲ. ನಿಜವಾಗಿಯೂ ಬಗ್ಗಿ ಬೆನ್ನು ಕೊಟ್ಟ. ಎಫಿ ಅವನ ಬೆನ್ನಿಗೊಂದು ಗುದ್ದು ಕೊಟ್ಟು ಮುಂದೆ ನಡೆದಳು.

ಸುಳ್ಳು ಹೇಳುವುದಿಲ್ಲ, ಆ ನಡಿಗೆ ಸೊಗಸಾಗಿತ್ತು. ಬಾನಾಡಿಗಳು ತಲೆಯ ಮೇಲೆ ಬಿಡುವಿಲ್ಲದೆ ಹಾಡುತ್ತಿದ್ದವು. ಕಳೆದ ವರ್ಷದ ಹೆದರ್ ಪೊದೆಗಳು ಇನ್ನೂ ಕಂದಾಗಿದ್ದರೂ ನಡುವೆ ಬ್ಲೇಬೆರಿಯ ಕೆಂಪು ಚಿಗುರು ಬಂದಿತ್ತು. ಎಫಿ ಒಂದು ಎಲೆ ಕಿತ್ತು ಅಗಿದು, ಹುಳಿಗೆ ಮುಖ ಕಿವುಚಿ, ಇನ್ನೊಂದು ಕಿತ್ತಳು. ಕಪ್ಪು ನೀರಿನ ಗುಂಡಿಯಲ್ಲಿ ಕಪ್ಪೆಯ ಮೊಟ್ಟೆ ಕಂಡರೆ ಕೈ ಹಾಕಿದಳು, ಒದ್ದೆ ಪಾಚಿ ಕಂಡರೆ ಸವರಿದಳು.

ಅರ್ಧ ದಾರಿಯಲ್ಲಿರುವ ಕಲ್ಲಿನ ಕುರಿದೊಡ್ಡಿಗೆ ಒರಗಿ ಕೂತೆವು. ಎಫಿ ಚಹಾವನ್ನೂ ಮುಟ್ಟದೆ ಕಿವಿಗೊಟ್ಟು ಕೇಳಿದಳು. ಬಾನಾಡಿ, ಗಾಳಿ, ದೂರದಲ್ಲೊಂದು ಕುರಿ. ಬೇರೆ ಏನೂ ಇಲ್ಲ.

"ಬಂದಿಲ್ಲ, ಅಲ್ವಾ?"

"ಇನ್ನೂ ಬರಬಹುದು," ಎಂದೆ.

"ಸುಮ್ನಿರು ಮಿನಾ. ಸುಳ್ಳು ಹೇಳಿದ್ರೆ ನಿನ್ನ ಮೂಗು ಕೆಂಪಾಗುತ್ತೆ."

ವಾಟಿ ಎದ್ದು ನಿಂತ. "ಆ ಕಡೆ ಗೋಡೆಯ ಕಲ್ಲು ಬಿದ್ದ ಹಾಗಿದೆ. ನೋಡ್ಕೊಂಡ್ ಬರ್ತೀನಿ." ಟಿಪ್‌ಗೆ ಅಲ್ಲೇ ಮಲಗುವಂತೆ ಕೈಸನ್ನೆ ಮಾಡಿ ದಿಬ್ಬ ದಾಟಿ ಮರೆಯಾದ.

ಸ್ವಲ್ಪ ಹೊತ್ತಿಗೆ ದಿಬ್ಬದ ಆಚೆಯಿಂದ ಕೂಗು ಬಂತು. ಮೊದಲು ನಿಧಾನವಾಗಿ, ಏನೋ ಕೇಳುವ ಹಾಗೆ. ಆಮೇಲೆ ಏರುತ್ತ ಏರುತ್ತ ಕುದಿಯುವ ನೀರಿನ ಹಾಗೆ. ಎಫಿ ನನ್ನ ಕೈ ಹಿಡಿದುಕೊಂಡಳು. ಅವಳ ಮುಖದಲ್ಲಿ ಅಂಥ ಬೆಳಕು ಕಂಡು ಎಷ್ಟು ತಿಂಗಳಾಗಿತ್ತೋ! ನಾನೂ ಪೂರ್ತಿ ನಂಬಿಬಿಟ್ಟೆ.

ಅಷ್ಟರಲ್ಲಿ ಟಿಪ್ ತಲೆಯೆತ್ತಿತು. ಕಿವಿ ನಿಮಿರಿಸಿ, ಬಾಲ ಆಡಿಸಿ, ಎದ್ದು ದಿಬ್ಬದ ಕಡೆ ಓಟ ಕಿತ್ತಿತು.

ಕುರುಬರು ಗುಡ್ಡದಲ್ಲಿ ನಾಯಿಯನ್ನು ನಡೆಸುವುದು ಮಾತಿನಿಂದಲ್ಲ, ಬೆರಳಿಟ್ಟು ಹಾಕುವ ಶಿಳ್ಳೆಯಿಂದ. ಎಡಕ್ಕೊಂದು, ಬಲಕ್ಕೊಂದು, ಮಲಗೆಂದರೆ ಇನ್ನೊಂದು. ಯಜಮಾನನ ಉಸಿರು ಯಾವ ರಾಗದಲ್ಲಿ ಬಂದರೂ ನಾಯಿಗೆ ಗೊತ್ತಾಗುತ್ತದೆ. ಪೆದ್ದ ವಾಟಿ ಎಲ್ಲವನ್ನೂ ಸರಿಯಾಗಿ ಮಾಡಿ, ನಾಯಿಯನ್ನೇ ಮರೆತಿದ್ದ.

ಎಫಿ ಕೆಮ್ಮು ಬರುವವರೆಗೂ ನಕ್ಕಳು. "ಅಯ್ಯೋ ನನ್ನ ಗಂಡನೇ! ನಿಜವಾದ ವಾಪ್ ಕೂಡ ಇಷ್ಟು ಚೆನ್ನಾಗಿ ಕೂಗಲ್ಲ ಬಿಡು. ಮಿನಾ, ಅವನಿಗೆ ಹೇಳ್ಬೇಡ, ನಾನು ನಂಬಿದೆ ಅಂದ್ಕೊಳ್ಳಲಿ."

ಹೇಳುವ ಪ್ರಮೇಯವೇ ಬರಲಿಲ್ಲ. ಸ್ಪ್ರೂಸ್ ಮರಗಳ ಕಡೆಯಿಂದ ಉತ್ತರ ಬಂತು.

ಈ ಸಲ ಅದು ಶಿಳ್ಳೆಯಲ್ಲ. ವಾಟಿ ದಿಬ್ಬದ ಮೇಲೆ ಬಂದು ನಿಂತಿದ್ದ. ಬೆರಳು ಇನ್ನೂ ತುಟಿಯ ಬಳಿಯೇ ಇತ್ತು, ಟಿಪ್ ಅವನ ಕಾಲು ಸುತ್ತುತ್ತಿತ್ತು. ಹಕ್ಕಿ ನೇರ ಅವನತ್ತ ಬಂತು. ಮೇಲೇರಿತು, ರೆಕ್ಕೆ ಚಾಚಿ ತೇಲಿತು, ಇದ್ದಬದ್ದ ಹಾಡನ್ನೆಲ್ಲ ಸುರಿಯಿತು. ಆಮೇಲೆ ನೆಲಕ್ಕಿಳಿದು ಪೊದೆಗಳ ನಡುವೆ ನಡೆದು, ಕತ್ತು ಉದ್ದ ಮಾಡಿ ಅತ್ತಿತ್ತ ನೋಡಿತು. ಕೂಗಿ, ಕಾದು, ಮತ್ತೆ ಹಾರಿತು.

"ನಿಜವಾದ್ದು ಕಣೇ ಎಫಿ! ಬಂತು ನೋಡು!" ನಾನು ಚಿಕ್ಕ ಹುಡುಗಿಯಂತೆ ಕಿರುಚಿದೆ.

ಎಫಿಯ ನಗು ನಿಂತುಹೋಗಿತ್ತು. "ಒಂದೇ ಇದೆ, ಮಿನಾ. ಹೆಣ್ಣು ಕರೀತಿದೆ ಅಂದ್ಕೊಂಡು ಬಂದಿದೆ."

ವಾಟಿ ಕಳ್ಳನಂತೆ ಬಂದು ಎದುರು ನಿಂತ. "ನಿಂಗೆ ಕೇಳಿಸ್ಲಿ ಅಂತ..."

"ಗೊತ್ತು ಕಣೋ." ಅವಳು ಹಕ್ಕಿಯನ್ನು ನೋಡಿದಳು, ಆಮೇಲೆ ಗಂಡನನ್ನು ನೋಡಿದಳು. "ಇದು ಎಷ್ಟು ದಿನ ಹೀಗೇ ಹುಡುಕುತ್ತೆ, ವಾಟಿ?"

"ಗೊತ್ತಿಲ್ಲ."

ಆಸ್ಪತ್ರೆಯ ಸುದ್ದಿ ಕೇಳಿದ ದಿನವೂ ಅಳದವಳು ಆಗ ಅತ್ತಳು. ನನಗೆ ಹಕ್ಕಿಯ ಮೇಲೆ ಎಲ್ಲಿಲ್ಲದ ಸಿಟ್ಟು ಬಂತು. ಕಲ್ಲೆತ್ತಿ ಹೊಡೆದೋಡಿಸಬೇಕು ಅನ್ನಿಸಿತು.

ಇಳಿಯುವಾಗ ಅದು ನಮ್ಮನ್ನು ಹಿಂಬಾಲಿಸಿತು. ಕರೆದವರು ನಮ್ಮೊಳಗೇ ಇದ್ದಾರೆಂದು ಅದಕ್ಕೆ ಗೊತ್ತಾಗಿತ್ತೋ ಏನೋ, ವಾಟಿಯ ತಲೆಯ ಮೇಲೆಯೇ ಸುತ್ತಿ ಸುತ್ತಿ ಕೂಗಿತು. ಗುಡ್ಡದ ಗಡಿಗೋಡೆಯವರೆಗೂ ಬಂತು. ಎಫಿ ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡು ನಡೆದಳು.

ಮೇ ಕೊನೆಯಲ್ಲಿ ಅವಳು ತೀರಿಕೊಂಡಳು.

ಜುಲೈನಲ್ಲಿ ಉಣ್ಣೆ ಕತ್ತರಿಸುವ ಹೊತ್ತಿಗೆ ವಾಟಿ ಕುರಿ ಒಟ್ಟುಗೂಡಿಸಲು ಗುಡ್ಡಕ್ಕೆ ಹೋದ. ನಾನು ಚಹಾ ತೆಗೆದುಕೊಂಡು ಹೋದೆ. ದೂರದಿಂದಲೇ ಅವನ ಒಡಕು ದನಿ ಕೇಳಿಸಿತು. "ಬಲಕ್ಕೆ! ಟಿಪ್, ಬಲಕ್ಕೆ ಹೋಗು!" ಮಾತು ಕಲಿತೇ ಇರದ ನಾಯಿ ಮೇಲಿನ ಇಳಿಜಾರಿನಲ್ಲಿ ನಿಂತು ಅವನನ್ನೇ ನೋಡುತ್ತಿತ್ತು. ಕುರಿಗಳು ದಿಕ್ಕಾಪಾಲಾಗಿ ಹೋಗುತ್ತಿದ್ದವು.

"ಶಿಳ್ಳೆ ಹಾಕೋ ಮಾರಾಯ, ಯಾಕಿಷ್ಟು ಗಂಟಲು ಹರ್ಕೊಳ್ತೀಯ?" ಎಂದೆ.

"ಹಾಕಿದ್ರೆ ಅದು ಬರುತ್ತೆ, ಮಿನಾ."

"ಅದು ಯಾವತ್ತೋ ಕಡಲಿಗೆ ಹೋಯ್ತು ಕಣೋ."

"ಗೊತ್ತು." ಅವನು ಬೆರಳನ್ನು ತುಟಿಯವರೆಗೆ ಒಯ್ದ. ಮತ್ತೆ ಕೆಳಗಿಳಿಸಿದ. "ಆದ್ರೂ, ಬಂದ್ರೆ? ಇಲ್ಲಿ ಯಾರೂ ಇಲ್ಲ ಅಂತ ಅದಕ್ಕೆ ಹೇಗೆ ಹೇಳೋದು?"

ಫ್ಲಾಸ್ಕನ್ನು ಅವನ ಕೈಗೆ ಕೊಟ್ಟು, ನಾಯಿಯನ್ನು ಕರೆತರಲು ನಾನೇ ಮೇಲೆ ಹತ್ತಿದೆ.