ಬಂಗಾರಿಯ ಹಲಗೆಗಳು

ಕಾಲಿನ ಹೆಬ್ಬೆರಳುಗಳೆರಡನ್ನೂ ಜೋಡಿಸಿ ದಾರ ಬಿಗಿಯುವಾಗ ವೀಣಾಳ ಕೈ ಎರಡು ಸಲ ಜಾರಿತು. ನೆರೆಮನೆಯ ಕಮಲಿ ದಾರವನ್ನು ಕಿತ್ತುಕೊಂಡು ತಾನೇ ಗಂಟು ಹಾಕಿದಳು. ಬಿಸಿನೀರು ಹೊಯ್ದು ಎಷ್ಟು ಉಜ್ಜಿದರೂ ಅತ್ತೆಯ ಉಗುರಿನ ಸಂದಿಯ ಕೆಸರು ಹೋಗಿರಲಿಲ್ಲ.

"ಬಿಡೇ ತಂಗಿ. ಒಡ್ಡಿನ ಕೆಸರು ಅದು. ಸುಟ್ರೂ ಹೋಗೂದಿಲ್ಲ," ಎಂದಳು ಕಮಲಿ.

ಅತ್ತೆ ಬಂಗಾರಿ ತೀರಿಕೊಂಡದ್ದು ಆ ಬೆಳಗ್ಗೆ. ಕತ್ತಲಿರುವಾಗಲೇ, ಹೊಳೆ ಇಳಿದ ಹೊತ್ತು ನೋಡಿ ಒಡ್ಡಿಗೆ ಹೋಗಿದ್ದಳು. ಗದ್ದೆಯಲ್ಲಿ ನಿಂತ ಮಳೆನೀರು ಹರಿದುಹೋಗಲೆಂದು ತೂಬಿನ ಬಾಯಿ ಮುಚ್ಚುವ ನಾಲ್ಕು ಹಲಗೆಗಳನ್ನು ಎತ್ತಿ, ಎರಡೆರಡಾಗಿ ತಲೆಯ ಮೇಲೆ ಹೊತ್ತು ತಂದು, ಎಂದಿನಂತೆ ಹಿತ್ತಲ ಗೋಡೆಗೆ ಒರಗಿಸಿದಳು. ಆಮೇಲೆ ಜಗಲಿಯಲ್ಲಿ ಕೂತಳು. ವೀಣಾ ಚಹಾ ತಂದಾಗ ಕಂಬಕ್ಕೆ ತಲೆ ಆನಿಸಿಕೊಂಡಿದ್ದಳು, ತಲೆಯ ಸಿಂಬಿಯನ್ನೂ ತೆಗೆದಿರಲಿಲ್ಲ.

"ಕಮಲಕ್ಕ, ಇವತ್ತು ಅಮಾಸೆ ಅಲ್ದ?" ವೀಣಾ ಮೆಲ್ಲಗೆ ಕೇಳಿದಳು. "ಮಧ್ಯಾಹ್ನ ಕಡಲಿನ ದೊಡ್ಡ ಭರತ ಬರ್ತದೆ. ಹೊಳೆ ಏರ್ತದೆ. ತೂಬು ತೆರೆದೇ ಅದೆ."

"ಅಷ್ಟೆಲ್ಲ ಗಂಡಸ್ರು ಇದ್ರಲೆ. ಯಾರಾದ್ರೂ ಹಲಗೆ ಹಾಕ್ತ್ರು."

"ಯಾರು?"

ಕಮಲಿ ಅರಿಸಿನದ ಬಟ್ಟಲನ್ನು ಹತ್ತಿರ ಎಳೆದುಕೊಂಡಳು. ಯಾರು ಎಂದು ಕೇಳಿದವಳೇ ಹೋಗಬೇಕಾದೀತೆಂಬ ಹೆದರಿಕೆಗೆ ವೀಣಾ ಮತ್ತೆ ಕೇಳಲಿಲ್ಲ. ಭತ್ತದ ನೆಟ್ಟಿ ಮುಗಿದು ಇನ್ನೂ ತಿಂಗಳಾಗಿರಲಿಲ್ಲ. ಒಡ್ಡಿನ ಒಳಗೆ ಇಡೀ ಕೇರಿಯ ಸಸಿ ನಿಂತಿತ್ತು. ಗದ್ದೆಯ ತಲೆಯಲ್ಲೇ ಕುಡಿಯುವ ನೀರಿನ ಬಾವಿ. ಮಾವಿನಕುರ್ವೆಗೆ ನಾಲ್ಕೂ ಕಡೆ ಉಪ್ಪುನೀರೇ, ಆದರೆ ಗಂಟಲಿಗಿಳಿಯುವ ನೀರು ಆ ಬಾವಿಯದು ಮಾತ್ರ.

ಹಿತ್ತಲಲ್ಲಿ ಮರಕ್ಕೆ ಮರ ತಾಗಿದ ಸದ್ದಾಯಿತು. ಪಕ್ಕದ ಮನೆಯ ಪಾಂಡು ನಾಲ್ಕು ಜನರನ್ನು ಕಟ್ಟಿಕೊಂಡು ಸುಡುಗಾಡಿಗೆ ಕಟ್ಟಿಗೆ ಸಾಗಿಸುತ್ತಿದ್ದ. ಶ್ರಾವಣದ ಮಳೆಯಲ್ಲಿ ಒಣ ಕಟ್ಟಿಗೆ ಯಾರ ಮನೆಯಲ್ಲೂ ಸಾಲುವಷ್ಟು ಇರಲಿಲ್ಲ. ಒಬ್ಬರ ಕೊಟ್ಟಿಗೆಯ ತೊಲೆ, ಇನ್ನೊಬ್ಬರ ಮುರಿದ ಮಂಚ, ಸಿಕ್ಕಿದ್ದೆಲ್ಲ ಹೋಗುತ್ತಿತ್ತು.

ವೀಣಾ ಒದ್ದೆ ಸೀರೆಯಲ್ಲೇ ಬಾಗಿಲವರೆಗೆ ಬಂದಳು. "ಪಾಂಡಣ್ಣ, ತೂಬಿನ ವಿಷಯ ಯಾರಿಗಾದ್ರೂ ಹೇಳು."

"ಆತು, ಆತು. ನೀನು ಒಳಗಿನ ಕೆಲಸ ಕಾಣು," ಎಂದ ಪಾಂಡು ಗೋಡೆಯಾಚೆಯಿಂದ.

*

ಹಿಂದೆ ಹಲಗೆ ಹಾಕುವುದು ಮನೆಗೊಂದು ಪಾಳಿಯಾಗಿತ್ತು. ಒಬ್ಬರು ಭಟ್ಕಳದ ಅಂಗಡಿಗೆ, ಇನ್ನೊಬ್ಬರು ಕುಮಟಾದ ಗಾರೆ ಕೆಲಸಕ್ಕೆ ಹೋಗತೊಡಗಿದ ಮೇಲೆ ಪಾಳಿ ತಪ್ಪುತ್ತ ಬಂತು. ಒಂದು ಹುಣ್ಣಿಮೆಯ ದಿನ, ಇವರು ಹಾಕಿದರೆಂದು ಅವರೂ ಅವರು ಹಾಕಿದರೆಂದು ಇವರೂ ಮಲಗಿಬಿಟ್ಟರು. ಬೆಳಗಾಗುವಾಗ ಗದ್ದೆಯಲ್ಲಿ ಏಡಿ ಓಡಾಡುತ್ತಿತ್ತು. ಬಾವಿ ಉಪ್ಪಾಗಿ, ಆ ಬೇಸಿಗೆಯಿಡೀ ಹೆಂಗಸರು ದೋಣಿಯಲ್ಲಿ ಹೊಳೆ ದಾಟಿ ಕುಡಿಯುವ ನೀರು ತಂದರು.

ಮುಂದಿನ ಮಳೆಗಾಲದಿಂದ ಬಂಗಾರಿ ಹೋಗತೊಡಗಿದಳು. ಯಾರೂ ಹೇಳಿರಲಿಲ್ಲ, ಯಾರೂ ಬೇಡವೆನ್ನಲೂ ಇಲ್ಲ. ತೂಬಿನ ಬಾಯಲ್ಲಿ ಮೀನಿಗೆ ಬಲೆ ಒಡ್ಡುವವರು ಎರಡು ಸಲ ಹಲಗೆ ಮಾಯ ಮಾಡಿದ ಮೇಲೆ ಅವುಗಳನ್ನು ಮನೆಗೇ ಹೊತ್ತು ತಂದಿಡುವ ರೂಢಿ ಮಾಡಿಕೊಂಡಳು. ಗ್ರಾಮಸಭೆ ಎಂದರೆ ಮುಂದಿನ ಸಾಲಿನಲ್ಲಿ ಅವಳೇ. ಒಮ್ಮೆ ಕೊಳೆತ ಹಲಗೆಯೊಂದನ್ನು ತಲೆಯ ಮೇಲೆ ಹೊತ್ತು ಸಭೆಗೆ ನುಗ್ಗಿ, ಪಂಚಾಯತಿಯ ದೇವಪ್ಪನ ಮೇಜಿನ ಮೇಲೆ ಇಟ್ಟಳು. ಮೇಜಿನ ಹಾಸಿನ ಮೇಲೆ ಹುಳ ಹರಿದಾಡಿದವು.

"ಎಂತ ಇದು ಬಂಗಾರಕ್ಕ? ಹೊರಗೆ ಇಡು!"

"ಹೊರಗೇ ಇಟ್ಟಿದ್ದೆ, ದೇವಪ್ಪಣ್ಣ. ನೀವು ಅಲ್ಲಿಗೆ ಬರ್ಲಿಲ್ಲ. ಹೇಂಗೂ ಅದಕ್ಕೆ ಕಾಲಿಲ್ಲ, ನಂಗೆ ಅದೆ."

ಸಭೆಯೇ ನಕ್ಕಿತು. ಹೊಸ ಹಲಸಿನ ಹಲಗೆಗಳು ಬಂದವು. ತೂಬಿಗೆ ಅವಳು ಕೇಳಿದ ಕಬ್ಬಿಣದ ಬಾಗಿಲು ಮಾತ್ರ ಮುಂದಿನ ವರ್ಷಕ್ಕೆ, ಅದರ ಮುಂದಿನ ವರ್ಷಕ್ಕೆ ಹೋಗುತ್ತಲೇ ಇತ್ತು.

ಅಂಗನವಾಡಿಯಲ್ಲಿ ಕಲಿಸುವ ಸೊಸೆಯನ್ನು ಬಂಗಾರಿ ಒಡ್ಡಿಗೆ ಕರೆಯುತ್ತಲೇ ಇದ್ದಳು. ಮೀಟಿಂಗು, ತಲೆನೋವು ಎಂದು ವೀಣಾ ತಪ್ಪಿಸಿಕೊಳ್ಳುತ್ತಿದ್ದಳು. ಹೊಳೆಯ ಏರಿಳಿತಕ್ಕೆ ತಕ್ಕಂತೆ ಏಳುವ, ಉಣ್ಣುವ, ನೆಂಟರ ಮದುವೆಯಿಂದ ಅರ್ಧಕ್ಕೇ ಎದ್ದು ಬರುವ ಆ ಬದುಕು ಮೆತ್ತಿಕೊಂಡುಬಿಟ್ಟರೆ ಎಂಬ ದಿಗಿಲು ಅವಳಿಗೆ. ಒಂದೇ ಒಂದು ಸಲ ಹೋಗಿದ್ದಳು. ತೂಬಿನ ಬಾಯಲ್ಲಿ ಮೂರು ಹಲಗೆ ಒಂದರ ಮೇಲೊಂದು ಕೂತ ಮೇಲೆ ನಾಲ್ಕನೆಯದನ್ನು ಅತ್ತೆ ಅವಳ ಕೈಗೆ ಕೊಟ್ಟಿದ್ದಳು.

"ಮರ ಅಲ್ದ, ತೇಲ್ತದೆ. ಹೊಳೆ ಬಂದು ಒತ್ತಿ ಹಿಡಿಯೂ ತನಕ ನಾವು ಹಿಡೀಬೇಕು."

"ಯಾವಾಗ ಬಿಡೂದು ಅತ್ತೆ?"

"ನೀರೇ ಹೇಳ್ತದೆ. ಅಂಗೈಗೆ ಗೊತ್ತಾಗ್ತದೆ."

ವೀಣಾಳ ಅಂಗೈಗೆ ಏನೂ ಗೊತ್ತಾಗಿರಲಿಲ್ಲ. ಕೈ ಸೋತು ಬಿಟ್ಟಿದ್ದಳು. ಬಂಗಾರಿ ನಗುತ್ತ ಮುಳುಗಿ ಹಲಗೆಯನ್ನು ಹಿಡಿದು ತಂದಿದ್ದಳು.

*

ಭಟ್ಕಳದಲ್ಲಿ ಮಂಜುಗಡ್ಡೆಯ ಲಾರಿ ಓಡಿಸುವ ವೀಣಾಳ ಗಂಡ ವಿನೋದ ಬಂದು ತಲುಪಿದ. ತಾಯಿಯ ಕಾಲ ಬಳಿ ಕೂತ. ದೇವಪ್ಪ ಶಾಲು, ಹೂವಿನ ಹಾರದ ಜೊತೆ ಫ್ಲೆಕ್ಸನ್ನೂ ಮಾಡಿಸಿ ತಂದಿದ್ದ. 'ನೀರ ಕಾವಲಿನ ತಾಯಿಗೆ ನಮನ' ಎಂಬ ಅಕ್ಷರದ ಕೆಳಗೆ ಬಂಗಾರಿಯ ಫೋಟೋ ಚಿಕ್ಕದಾಗಿಯೂ ದೇವಪ್ಪನದು ಸ್ವಲ್ಪ ದೊಡ್ಡದಾಗಿಯೂ ಇತ್ತು.

"ತೂಬಿನ ಹತ್ರ ಎರಡು ನಿಮಿಷ ನಿಲ್ಸುವ," ಎಂದ ಅವನು ವಿನೋದನಿಗೆ. "ಎರಡು ಮಾತು ಹೇಳಬೇಕು. ಇಂಥವರಿಂದ್ಲೇ ಊರು."

"ಬದುಕಿರೂವಾಗ ಎರಡು ಮಾತು ಕೇಳಿದ್ರೆ ಆಗ್ತಿತ್ತು," ಎಂದಳು ಕಮಲಿ, ಗೋಡೆಗೆ ಹೇಳಿದ ಹಾಗೆ.

ವೀಣಾ ಹಿತ್ತಲಿಗೆ ಹೋದಳು. ಗೋಡೆಯ ಬುಡದಲ್ಲಿ ಹಲಗೆಗಳಿರಲಿಲ್ಲ. ನಾಲ್ಕು ಒದ್ದೆ ಗುರುತುಗಳು ಮಾತ್ರ ಉಳಿದಿದ್ದವು. ಅಲ್ಲೇ ಕೊಡ ತೊಳೆಯುತ್ತಿದ್ದ ಹೆಂಗಸನ್ನು ಕೇಳಿದಳು.

"ಹಲಗೆಯಾ? ಪಾಂಡು ಆಗಲೇ ಹೊತ್ಕಂಡು ಹೋದ."

ವೀಣಾಳಿಗೆ ಆ ದಿನದ ಮೊದಲ ಉಸಿರು ನೆಟ್ಟಗೆ ಬಂತು. ಯಾರೋ ಒಬ್ಬರು ನೆನಪಿಟ್ಟುಕೊಂಡಿದ್ದರು. ಅದು ತಾನಾಗಿರಲಿಲ್ಲ. ಆಗಲೇ ಅವಳಿಗೆ ಅಳು ಬಂದದ್ದು.

ಚಟ್ಟ ಎದ್ದಿತು. ವಿನೋದ ಬೆಂಕಿಯ ಮಡಕೆ ಹಿಡಿದು ಮುಂದೆ ನಡೆದ. ಹೆಂಗಸರು ಒಡ್ಡಿನ ತಲೆಯವರೆಗೆ ಬಂದು ನಿಂತರು. ಅಲ್ಲಿಂದ ಮುಂದೆ ಹೆಂಗಸರು ಹೋಗುವ ಪದ್ಧತಿಯಿಲ್ಲ. ಒಡ್ಡಿನ ಮೇಲೆ ಸಾಗಿ ತೂಬು ದಾಟಿದರೆ ಸುಡುಗಾಡು.

ತೂಬಿನ ಬಳಿ ಮೆರವಣಿಗೆ ನಿಂತಿತು. ದೇವಪ್ಪ ಮಾತಾಡತೊಡಗಿದ. ಗಾಳಿಗೆ ತುಂಡು ತುಂಡಾಗಿ ಕೇಳಿಸುತ್ತಿತ್ತು: ನಿಸ್ವಾರ್ಥ, ಮಾದರಿ, ಯುವಕರು. ವೀಣಾ ಕೇಳುತ್ತಿರಲಿಲ್ಲ. ಅವಳ ಕಣ್ಣು ಗದ್ದೆಯ ಮೇಲಿತ್ತು. ತೂಬಿನ ಹತ್ತಿರದ ಗದ್ದೆ ಮಿನುಗುತ್ತಿತ್ತು. ಸಸಿಯ ಬುಡದಲ್ಲಿ ನೊರೆ ಒಳಮುಖವಾಗಿ ಸಾಗುತ್ತಿತ್ತು.

ಅವಳು ಓಡಿದಳು. ಹಿಂದೆ ಕಮಲಿ ಕೂಗಿದ್ದು ಕೇಳಿತು, ನಿಲ್ಲಲಿಲ್ಲ. ದೇವಪ್ಪನ ಕಾಲ ಕೆಳಗೆ, ತೆರೆದ ತೂಬಿನ ಬಾಯಲ್ಲಿ, ಹೊಳೆ ಸದ್ದಿಲ್ಲದೆ ಒಳಗೆ ನುಗ್ಗುತ್ತಿತ್ತು.

"ಪಾಂಡಣ್ಣ, ಹಲಗೆ ಎಲ್ಲಿ?"

"ಯಾವ ಹಲಗೆ?" ಎಂದ ಚಟ್ಟಕ್ಕೆ ಹೆಗಲು ಕೊಟ್ಟಿದ್ದ ಪಾಂಡು.

"ಹಿತ್ತಲಿಂದ ನೀನು ತಂದದ್ದು!"

ಪಾಂಡು ಸುಡುಗಾಡಿನ ಕಡೆ ತಿರುಗಿದ. "ನೆಲ ಒದ್ದೆ ಇತ್ತು... ದಪ್ಪ ಹಲಗೆ ಅದೆ, ಕೆಳಗೆ ಹಾಸಿದ್ರೆ ಬೆಂಕಿ ಹಿಡೀತದೆ ಅಂತ... ಆ ಹೊಸ ಹಲಗೆ ಹೇಂಗಿರ್ತದೆ ಅಂತ ನಾನು ಯಾವತ್ತು ಕಂಡಿದ್ದೆ ಮಾರಾಯ್ತಿ!"

ಆ ಹಲಸಿನ ಹಲಗೆಗಳನ್ನು ಯಾರೂ ಹತ್ತಿರದಿಂದ ಕಂಡಿರಲಿಲ್ಲ. ಎಲ್ಲರೂ ನೋಡಿದ್ದು ಬಂಗಾರಿಯ ತಲೆಯ ಮೇಲಿನ ಹೊರೆಯನ್ನು.

ವೀಣಾ ತೂಬು ದಾಟಿ ಸುಡುಗಾಡಿಗೆ ಓಡಿ, ಒಟ್ಟಿದ ಕಟ್ಟಿಗೆಯ ಮೇಲಿಂದ ಮೊದಲ ತುಂಡನ್ನು ಎಳೆದು ಬಿಸಾಡಿದಳು.

"ಏ, ಒಟ್ಟಿದ ಕಾಷ್ಠ ಬಿಚ್ಚೂಕಾಗ!" ದೇವಪ್ಪ ಅರಚಿದ. "ಊರಿಗೇ ಕೇಡು! ವಿನೋದ, ಹೆಂಡತಿಗೆ ಹೇಳು!"

ವಿನೋದ ಹೊಗೆಯಾಡುವ ಮಡಕೆ ಹಿಡಿದು ನಿಂತಿದ್ದ. ಹೊಳೆಯನ್ನು ನೋಡಿದ, ಚಟ್ಟವನ್ನು ನೋಡಿದ.

"ತೆಗೀಲಿ," ಎಂದ. "ಅವ್ವಿ ಇದ್ದಿದ್ರೆ ಇಷ್ಟೊತ್ತಿಗೆ ನಮ್ಮೆಲ್ಲರ ತಿಥಿ ಮಾಡ್ತಿತ್ತು."

ಕಮಲಿ ಸೆರಗು ಸಿಕ್ಕಿಸಿಕೊಂಡು ಒಡ್ಡಿನ ಮೇಲೆ ಬರುತ್ತಿದ್ದಳು, ಅವಳ ಹಿಂದೆ ಇನ್ನಿಬ್ಬರು. ಎತ್ತಿದ ಚಟ್ಟವನ್ನು ಇಳಿಸುವಂತಿರಲಿಲ್ಲ. ಹೊತ್ತವರು ಹೊತ್ತುಕೊಂಡೇ, ಮಳೆಯಲ್ಲಿ, ಹೆಂಗಸರು ಆ ರಾಶಿಯನ್ನು ಬಿಚ್ಚುವುದನ್ನು ನೋಡುತ್ತ ನಿಂತರು. ಮಂಚದ ಕಾಲು, ತೊಲೆ, ಮಾವಿನ ಕೊಂಬೆ, ಎಲ್ಲಕ್ಕಿಂತ ಕೆಳಗೆ ನಾಲ್ಕು ಹಲಗೆ. ಮೇಲೆ ಚಿಮುಕಿಸಿದ ತುಪ್ಪ ಒಂದಕ್ಕೆ ಇಳಿದಿತ್ತು.

ತೂಬಿಗಿಳಿದ ವೀಣಾಳ ಕೈಯಿಂದ ಮೊದಲ ಹಲಗೆ ಎರಡು ಸಲ ಕಿತ್ತುಕೊಂಡು ತೇಲಿತು. ಕಮಲಿ ನೀರಿಗಿಳಿದು ಇನ್ನೊಂದು ತುದಿ ಹಿಡಿದ ಮೇಲೆ ಕೂತಿತು. ಎರಡನೆಯದು ಕೂತಿತು. ಮೂರನೆಯದು ಕೂತಿತು. ಅಷ್ಟರಲ್ಲಿ ಹತ್ತಿರದ ಗದ್ದೆಗಳು ಹೋಗಿಯೇ ಹೋಗಿದ್ದವು. ಸಸಿಯ ತುದಿಗಳಷ್ಟೇ ಕಾಣುತ್ತಿದ್ದವು. ಬಾವಿಯ ಕಡೆಯ ಬದು ಮಾತ್ರ ಇನ್ನೂ ನೀರಿನಿಂದ ಮೇಲಿತ್ತು.

ನಾಲ್ಕನೆಯದು ತೇಲುತ್ತಲೇ ಇತ್ತು. ವೀಣಾ ಎರಡೂ ಅಂಗೈಯೂರಿ ಅದನ್ನು ಒತ್ತಿದಳು. ನೀರು ಎದೆಯವರೆಗೆ ಬಂದಿತ್ತು. ಕಮಲಿಯ ಹಲ್ಲು ನಡುಗುವುದನ್ನು ಕಂಡು ಯಾರೋ ಅವಳನ್ನು ಮೇಲೆತ್ತಿಕೊಂಡರು.

ಒಡ್ಡಿನಾಚೆ ಕಟ್ಟಿಗೆಯನ್ನು ಮತ್ತೆ ಒಟ್ಟಿದರು, ಈ ಸಲ ಬರೀ ಒದ್ದೆ ನೆಲದ ಮೇಲೆ. ಬೆಂಕಿ ಹಿಡಿಯಲಿಲ್ಲ. ಸೀಮೆಎಣ್ಣೆ ತರಿಸಿದರು. ಹೊಗೆ ಮೇಲೇಳದೆ ಗದ್ದೆಯ ಮೇಲೆ, ತೂಬಿನ ಮೇಲೆ ತೆವಳಿಕೊಂಡು ಬಂತು. ವೀಣಾಳಿಗೆ ಏನೂ ಕಾಣಿಸುತ್ತಿರಲಿಲ್ಲ. ಅಂಗೈಯ ಕೆಳಗೆ ಹಲಗೆ ಒಮ್ಮೆ ಎದ್ದು, ಒಮ್ಮೆ ಅಡಗುತ್ತಿತ್ತು.

ಆಮೇಲೆ ಹೆಜ್ಜೆಯ ಸದ್ದು ಕೇಳಿತು. ಸುಟ್ಟು ಬರುವವರು ತಿರುಗಿ ನೋಡಬಾರದು. ಅವರು ಒಬ್ಬರ ಹಿಂದೊಬ್ಬರು ಅವಳ ತಲೆಯ ಮೇಲಿನ ಒಡ್ಡನ್ನು ದಾಟಿ, ಹೊಗೆಯೊಳಗೆ, ಮೀಯಲು ಹೋದರು. ಬಿಡು ಎಂದು ನೀರು ಇನ್ನೂ ಹೇಳಿರಲಿಲ್ಲ. ಅವಳು ಕೈ ತೆಗೆಯದೆ ನಿಂತಿದ್ದಳು.