ಪೆನ್ಸಿಲಿನ ಎರಡು ತಟ್ಟು

ಪರದೆಯ ಮೇಲೆ ಲೈಲ್ ತೊಗಲಿನ ಪಟ್ಟಿಗೆ ಕ್ಷೌರದ ಕತ್ತಿ ತೀಡುತ್ತಿದ್ದ. ಸದ್ದಿರಲಿಲ್ಲ. ಕತ್ತಿ ಮೇಲೆ ಹೋಯಿತು, ಕೆಳಗೆ ಬಂತು, ಮತ್ತೆ ಮೇಲೆ ಹೋಯಿತು. ಬಿಳಿ ಅಂಗಿ, ಮಡಿಸಿದ ತೋಳು, ಮೂಗಿನ ತುದಿಗೆ ಜಾರಿದ ಕನ್ನಡಕ. ಆ ಕನ್ನಡಕ ಮನೆಯದು. ಆಸ್ಪತ್ರೆಯವರು ಅದನ್ನು ಕಾಗದದ ಚೀಲವೊಂದರಲ್ಲಿ ಹಾಕಿ ಹೆಂಡತಿ ವರ್ನಾಳ ಕೈಗೆ ಕೊಟ್ಟಿದ್ದರು. ಎಂಟು ತಿಂಗಳಿಂದ ಆ ಚೀಲ ಬಟ್ಟೆಯ ಕಪಾಟಿನಲ್ಲಿ ಬಾಯಿ ಬಿಚ್ಚದೆ ಕೂತಿತ್ತು.

"ಇನ್ನೊಂದ್ಸಲ ಹಾಕ್ಲಾ ಮೇಡಂ?" ಗಾಜಿನ ಆಚೆಯಿಂದ ರೋಸಾ ಕೇಳಿದಳು. ಚಿತ್ರಗಳಿಗೆ ಧ್ವನಿ ಕೂಡಿಸುವುದು ಅವಳ ಕೆಲಸ.

"ಹಾಕು. ಈ ಸಲ ಸದ್ದಿನ ಜೊತೆ," ಎಂದಳು ವರ್ನಾ.

ನಿರ್ದೇಶಕ ಗ್ರೆಗ್ ಮರಾಸ್ಕೊ ಅವಳ ಪಕ್ಕದಲ್ಲಿ ಕುರ್ಚಿಯ ತುದಿಗೆ ಕೂತಿದ್ದ. ಮೂವತ್ತನಾಲ್ಕರ ಹುಡುಗ, ಫೋನು ಮಾಡಿದಾಗ ಮೂರು ಸಲ ಕ್ಷಮೆ ಕೇಳಿದ್ದ. ಲೈಲ್‌ನ ಒಂದು ಮಾತು ವಿಮಾನದ ಸದ್ದಿನಲ್ಲಿ ಮುಳುಗಿದೆ, ಬೇರೆಯವರ ಧ್ವನಿಯಲ್ಲಿ ಹೇಳಿಸಬೇಕು, ಅದಕ್ಕೆ ನಿಮ್ಮ ಒಪ್ಪಿಗೆ ಬೇಕು, ಒಪ್ಪಿಗೆಗಿಂತ ಹೆಚ್ಚಾಗಿ ನಿಮ್ಮ ಕಿವಿ ಬೇಕು ಎಂದಿದ್ದ. ವಿಮಾನ ನಿಲ್ದಾಣದ ಪಕ್ಕದ ಬರ್ಬ್ಯಾಂಕಿನಲ್ಲಿ ಚಿತ್ರ ತೆಗೆಯುವವರಿಗೆ ವಿಮಾನ ಹೊಸದೇನಲ್ಲ. ಯಾವ ಮಾತು ಎಂದು ಅವಳೂ ಕೇಳಿರಲಿಲ್ಲ.

ಪರದೆಯಲ್ಲಿ ಲೈಲ್ ಗಿರಾಕಿಯ ಕೊರಳಿಗೆ ಬಟ್ಟೆ ಕಟ್ಟಿದ. ಕತ್ತಿಯನ್ನು ಬೆಳಕಿಗೆ ಹಿಡಿದ.

"ಮೂವತ್ತು ವರ್ಷ ನಿನ್ನ ಗಂಟಲ ಮೇಲೆ ಕತ್ತಿ ಇಟ್ಟಿದ್ದೀನಿ. ಭಯ ಆಗುತ್ತಾ ಅಂತ ಒಂದು ದಿನ ನಾನೂ ಕೇಳ್ಲಿಲ್ಲ, ನೀನೂ ಹೇಳ್ಲಿಲ್ಲ."

ಅವನ ಧ್ವನಿ ಕೋಣೆಯ ನಾಲ್ಕೂ ಮೂಲೆಗಳಿಂದ ಬಂತು. ವರ್ನಾ ತೊಡೆಯ ಮೇಲಿನ ಚಿತ್ರಕಥೆಯ ಹಸ್ತಪ್ರತಿಯನ್ನು ಬಿಗಿಯಾಗಿ ಹಿಡಿದಳು. ಮುಂದಿನ ಮಾತು "ಗಲ್ಲ ಎತ್ತು" ಎಂಬುದು ಅವಳಿಗೆ ಪುಟ ತಿರುವದೆಯೇ ಗೊತ್ತಿತ್ತು. ಆದರೆ ಲೈಲ್ ಕತ್ತಿ ಹಿಡಿದ ಕೈಯನ್ನೇ ನೋಡುತ್ತ ನಿಂತ. ಎಲ್ಲಿಂದಲೋ ವಿಮಾನದ ಗುಡುಗು ಏರುತ್ತ ಬಂತು. ಅದರ ಕೆಳಗೆ, ಹರಿದುಹೋದಂತೆ, ಅವನ ಧ್ವನಿ.

"ಈ ಕೈ ಯಾಕೋ ನನ್ನದಲ್ಲ ಅನ್ನಿಸ್ತಿದೆ."

ವಿಮಾನ ದಾಟಿಹೋಯಿತು. ಲೈಲ್ ಕಾದ. ಒಂದು, ಎರಡು, ಮೂರು, ನಾಲ್ಕು. ಆಮೇಲೆ, "ಗಲ್ಲ ಎತ್ತು," ಎಂದ.

"ಇದೇ!" ಗ್ರೆಗ್ ಎದ್ದು ನಿಂತಿದ್ದ. "ಇದು ಬರೆದಿರೋ ಮಾತಲ್ಲ ಮಿಸೆಸ್ ಓಸ್ಟ್‌ಬರ್ಗ್. ಅಲ್ಲೇ, ಆ ಕ್ಷಣದಲ್ಲೇ ಹುಟ್ಟಿದ್ದು. ಇಡೀ ಚಿತ್ರದಲ್ಲಿ ಇದಕ್ಕಿಂತ ದೊಡ್ಡ ಗಳಿಗೆ ಇಲ್ಲ. ಕ್ಯಾಮೆರಾ ಹಿಂದೆ ನಿಂತವರಿಗೆಲ್ಲ ಮೈ ಜುಂ ಅಂತು. ಅದಾಗಿ ಒಂದೂವರೆ ಗಂಟೆಗೆ ಅವರು ಕುಸಿದು..." ಅವನು ಮಾತು ನಿಲ್ಲಿಸಿದ. "ಎರಡನೇ ಸಲ ತೆಗೆದಾಗ ಬರೆದ ಹಾಗೇ ಹೇಳಿದ್ರು. ಅದು ಶುದ್ಧವಾಗಿದೆ, ವಿಮಾನ ಗಿಮಾನ ಏನೂ ಇಲ್ಲ. ಬೇಕಿದ್ರೆ ಅದನ್ನೇ ಇಟ್ಕೋಬಹುದು. ಆದ್ರೆ ನನಗೆ ಮನಸ್ಸಿಲ್ಲ. ನೀವು ಬೇಡ ಅಂದ್ರೆ ಮಾತ್ರ."

ವರ್ನಾ ಪರದೆಯನ್ನೇ ನೋಡುತ್ತಿದ್ದಳು.

ಲೈಲ್ ಓಸ್ಟ್‌ಬರ್ಗ್‌ನ ಹೆಸರು ಯಾರಿಗೂ ನೆನಪಿರುತ್ತಿರಲಿಲ್ಲ, ಮುಖ ಎಲ್ಲರಿಗೂ ಗೊತ್ತಿತ್ತು. ದಿನಸಿ ಅಂಗಡಿಯಲ್ಲಿ ಹೆಂಗಸರು ಅವನನ್ನು ತಡೆದು, "ನಮ್ಮ ಅಕ್ಕನ ಊರಲ್ಲಿ ನೀವು ಹಲ್ಲಿನ ಡಾಕ್ಟರಲ್ವಾ?" ಎಂದು ಕೇಳುತ್ತಿದ್ದರು. ನಲವತ್ತು ವರ್ಷ ಅವನು ನ್ಯಾಯಾಧೀಶ, ಪಾದ್ರಿ, ಶೆರೀಫ್, ಕುದುರೆ ಕಳ್ಳ ಎಲ್ಲವೂ ಆಗಿದ್ದ. ಒಂದು ಆಸ್ಪತ್ರೆಯ ಧಾರಾವಾಹಿಯಲ್ಲಿ ಆರು ವರ್ಷ ಡಾಕ್ಟರಾಗಿದ್ದ. ಹತ್ತೊಂಬತ್ತು ಸಲ ಸತ್ತಿದ್ದ. ಅಷ್ಟೂ ಸಾವುಗಳು ಮೊದಲು ನಡೆದದ್ದು ವ್ಯಾನ್ ನೈಸ್‌ನ ಅವರ ಅಡುಗೆಮನೆಯ ಮೇಜಿನ ಮುಂದೆ. ಕೊಲ್ಲುವವನ ಮಾತು, ಅಳುವವಳ ಮಾತು, ದೂರದಿಂದ ಕೂಗುವವನ ಮಾತು ಎಲ್ಲ ವರ್ನಾಳವು. ಹಸ್ತಪ್ರತಿ ಅವಳ ಕೈಯಲ್ಲಿ, ಬಲಗೈಯಲ್ಲಿ ಪೆನ್ಸಿಲು. ಅವನ ಮಾತು ಪುಟ ಬಿಟ್ಟು ಹೋದರೆ ಮೇಜಿನ ಮೇಲೆ ಎರಡು ಸಲ ತಟ್ಟುತ್ತಿದ್ದಳು. ಅಂಚಿನಲ್ಲಿ ಒಂದು ಚುಕ್ಕೆ ಇಡುತ್ತಿದ್ದಳು. ಅವನು ಹಿಂದಿನ ವಾಕ್ಯಕ್ಕೆ ಹೋಗಿ ಮತ್ತೆ ಶುರುಮಾಡುತ್ತಿದ್ದ. ತಪ್ಪೇನೆಂದು ಅವಳು ಹೇಳುವಂತಿಲ್ಲ, ಯಾಕೆಂದು ಅವನು ಕೇಳುವಂತಿಲ್ಲ. ಮದುವೆಯ ಮೊದಲ ವರ್ಷದಲ್ಲಿ ಇದರ ಮೇಲೆ ಎಷ್ಟೋ ಜಗಳವಾದ ಮೇಲೆ ಇಬ್ಬರೂ ಒಪ್ಪಿ ಮಾಡಿಕೊಂಡ ನಿಯಮ ಅದು.

ಆ ಬೆಳಿಗ್ಗೆಯೂ ಹಾಗೆಯೇ. ಆರೂವರೆ. ಮೇಜಿನ ಮೇಲೆ ಅರ್ಧ ಚಕ್ಕೋತ, ಕಾಫಿ. ಲೈಲ್ ಕತ್ತಿಯ ಬದಲು ಬೆಣ್ಣೆ ಸವರುವ ಚಾಕು ಹಿಡಿದಿದ್ದ. ಇಷ್ಟು ದೊಡ್ಡ ಪಾತ್ರ ಸಿಕ್ಕಿದ್ದು ಅದೇ ಮೊದಲು. ಮೂರು ವಾರದಿಂದ ಇಬ್ಬರೂ ಅದನ್ನೇ ಉಸಿರಾಡುತ್ತಿದ್ದರು. "ನೀನೂ ಹೇಳ್ಲಿಲ್ಲ" ಎಂಬಲ್ಲಿಗೆ ಬಂದು ಅವನು ಚಾಕುವನ್ನೇ ನೋಡುತ್ತ, "ಈ ಕೈ ಯಾಕೋ ನನ್ನದಲ್ಲ ಅನ್ನಿಸ್ತಿದೆ," ಎಂದ.

ಅವಳು ತಲೆ ಎತ್ತಲಿಲ್ಲ. ಟಕ್ ಟಕ್.

ಅವನು ಕಾದ. ಆಮೇಲೆ ಹಿಂದಿನ ವಾಕ್ಯಕ್ಕೆ ಹೋಗಿ ಎಲ್ಲವನ್ನೂ ಸರಿಯಾಗಿ ಹೇಳಿದ. ಕಾಫಿ ಮುಗಿಸಿದ. ಅವಳ ಕೆನ್ನೆಗೆ ಮುತ್ತು ಕೊಟ್ಟು ಕೆಲಸಕ್ಕೆ ಹೋದ.

ಲೈಲ್ ತೀರಿಕೊಂಡ ಆ ಸಂಜೆ ಆಸ್ಪತ್ರೆಯ ಡಾಕ್ಟರು, "ಬೆಳಿಗ್ಗೆ ಏನಾದ್ರೂ ಹೇಳಿದ್ರಾ? ಕೈ ಮರಗಟ್ತಿದೆ, ನಾಲಿಗೆ ತೊದಲ್ತಿದೆ, ಹಾಗೇನಾದ್ರೂ?" ಎಂದು ಕೇಳಿದರು.

"ಇಲ್ಲ," ಎಂದಿದ್ದಳು ವರ್ನಾ.

ಅಂದಿನಿಂದ ಮನೆಯಲ್ಲಿ ಪೆನ್ಸಿಲು ಇರಲಿಲ್ಲ. ಸಾಮಾನಿನ ಪಟ್ಟಿಯನ್ನು ಪೆನ್ನಿನಲ್ಲಿ ಬರೆಯುತ್ತಿದ್ದಳು. ಆದರೂ ನಲ್ಲಿಯ ಹನಿ ಎರಡು ಸಲ ಬಿದ್ದು ನಿಂತರೆ ಅವಳ ಕೈ ನಿಲ್ಲುತ್ತಿತ್ತು. ಮಧ್ಯಾಹ್ನ ಹಳೆಯ ಧಾರಾವಾಹಿಯ ಹೊತ್ತಿಗೆ ಟಿ.ವಿ. ಹಾಕಿದರೆ ಮೂವತ್ತೆಂಟರ ಲೈಲ್ ಬಿಳಿ ಕೋಟಿನಲ್ಲಿ ಬಂದು, ಯಾರದೋ ಹೆಂಡತಿಗೆ, "ನಮ್ಮ ಕೈಲಾದ್ದೆಲ್ಲ ಮಾಡಿದ್ವಿ" ಎನ್ನುತ್ತಿದ್ದ. ಅವಳು ಸದ್ದು ಅಡಗಿಸಿ ತುಟಿಗಳನ್ನಷ್ಟೇ ನೋಡುತ್ತಿದ್ದಳು. ಒಂದು ಪದವೂ ತಪ್ಪುತ್ತಿರಲಿಲ್ಲ.

"ಬಂದೆ ಬಂದೆ. ಯಾರೂ ಅಳಬೇಡಿ." ಬಾಗಿಲು ತಳ್ಳಿಕೊಂಡು ಬಡ್ ಕ್ವಿಗ್ಲಿ ಒಳಗೆ ಬಂದ. ಎಪ್ಪತ್ತರ ಹತ್ತಿರದವನು, ಲೈಲ್‌ನ ಜೊತೆ ಗುರುವಾರದ ಇಸ್ಪೀಟಿಗೆ ಕೂರುತ್ತಿದ್ದವನು. ಜಾಹೀರಾತುಗಳಿಗೆ ಧ್ವನಿ ಕೊಟ್ಟೇ ಬದುಕಿದವನು. ವರ್ನಾಳನ್ನು ಅಪ್ಪಿಕೊಂಡು ಕಿವಿಯಲ್ಲಿ, "ಸೊರಗಿದ್ದೀಯ ಕಣೇ. ಊಟ ಗೀಟ ಮಾಡ್ತೀಯೋ ಇಲ್ವೋ?" ಎಂದ.

"ನಿನ್ನ ನೋಡಿದ್ರೆ ನನ್ನ ಪಾಲಿನದೂ ನಿನ್ನ ಹೊಟ್ಟೆಗೇ ಹೋಗಿರೋ ಹಾಗಿದೆ."

"ಹಾಂ! ನಾಲಿಗೆ ಸೊರಗಿಲ್ಲ ಬಿಡು." ಅವನು ಗ್ರೆಗ್ ಕಡೆ ತಿರುಗಿದ. "ನಲವತ್ತು ವರ್ಷ ಇವಳ ಗಂಡ ನನ್ನ ಪಾತ್ರ ಎಲ್ಲ ಕಿತ್ಕೊಂಡ ಸ್ವಾಮಿ. ಅವನು ನ್ಯಾಯಾಧೀಶ ಆದಾಗ ನಾನು ಬಿಸ್ಕತ್ತಿನ ಜಾಹೀರಾತಲ್ಲಿ ನಾಯಿ. ಹನ್ನೊಂದು ವರ್ಷ ಬೊಗಳಿದೀನಿ. ಈಗ ನೋಡಿ, ಅವನ ಪಾತ್ರ ನನಗೆ. ಐದೇ ಪದ."

ಅವನು ಹೋಗಿ ಮೈಕಿನ ಮುಂದೆ ನಿಂತ. ಮೂರು ಸಲ ಪೀಪ್ ಸದ್ದು ಬರುತ್ತದೆ. ನಾಲ್ಕನೆಯದು ಬರಬೇಕಾದ ಜಾಗದಲ್ಲಿ ಮಾತು ಶುರುವಾಗಬೇಕು. ರೋಸಾ ವರ್ನಾಳ ಮುಂದೆ ಸದ್ದು ಹೀರಲು ಕಂಬಳಿ ಹೊದಿಸಿದ ಮೇಜೊಂದನ್ನು ಎಳೆದು, ಅದರ ಮೇಲೆ ಕಾಗದ, ಪೆನ್ಸಿಲು ಇಟ್ಟಳು. "ಯಾವ್ದು ಸರಿ ಅನ್ಸುತ್ತೋ ಗುರುತು ಹಾಕ್ಕೊಳ್ಳಿ ಮೇಡಂ."

ಹಳದಿ ಪೆನ್ಸಿಲು. ತುದಿಯಲ್ಲಿ ಸವೆದ ರಬ್ಬರು. ವರ್ನಾ ಅದನ್ನು ಮುಟ್ಟದೆ ನೋಡುತ್ತ ಕೂತಳು.

ಪೀಪ್, ಪೀಪ್, ಪೀಪ್. "ಈ ಕೈ ಯಾಕೋ ನನ್ನದಲ್ಲ ಅನ್ನಿಸ್ತಿದೆ," ಎಂದ ಬಡ್. ಧ್ವನಿ ಲೈಲ್‌ನದೇ, ಮೂಗಿನಲ್ಲಿ ಸ್ವಲ್ಪ ಸಿಕ್ಕಿಕೊಳ್ಳುವ ಮಿನ್ನೆಸೋಟ ಕಡೆಯವರ ರಾಗದ ಎಳೆತ ಸಮೇತ. ಆದರೆ ಮಾತಿನಲ್ಲಿ ದುಃಖವಿತ್ತು, ಭಾರವಿತ್ತು. ಮುದಿ ಕ್ಷೌರಿಕನೊಬ್ಬ ತನ್ನ ಮುಪ್ಪಿನ ಬಗ್ಗೆ ಹೇಳುವ ಮಾತಾಗಿತ್ತು ಅದು.

"ಅದ್ಭುತ," ಎಂದ ಗ್ರೆಗ್. ಆಮೇಲೆ ಅವಳತ್ತ ನೋಡಿ, "ಅಲ್ವಾ?" ಎಂದ.

ಬಡ್ ಮತ್ತೆ ಹೇಳಿದ. ಮತ್ತೆ ಹೇಳಿದ. ಒಂದರಲ್ಲಿ ನಡುಕ, ಒಂದರಲ್ಲಿ ಸಣ್ಣ ನಗು. ಆರು ಸಲ.

ಬೇಡ ಎನ್ನುವುದು ಎಷ್ಟು ಸುಲಭವಾಗಿತ್ತು. ಲೈಲ್ ಬರೆದ ಮಾತನ್ನು ಎಂದೂ ಬದಲಿಸಿದವನಲ್ಲ ಎಂದರೆ ಸಾಕು. ಆ ಇನ್ನೊಂದು ದೃಶ್ಯವನ್ನೇ ಇಡಿ, ಅವನಿಗೆ ಅದೇ ಇಷ್ಟವಾಗುತ್ತಿತ್ತು ಎಂದರೆ ಸಾಕು. ನಿಜವೂ ಹೌದು. ಆ ಐದು ಪದ ಈ ಕೋಣೆಯಲ್ಲೇ ಅಳಿಸಿಹೋಗುತ್ತವೆ. ಊರೂರಿನ ಚಿತ್ರಮಂದಿರಗಳಲ್ಲಿ ಜನ ಅದನ್ನು ಕೇಳಿ ಎಂಥ ನಟ ಎಂದು ನಿಟ್ಟುಸಿರು ಬಿಡುವುದಿಲ್ಲ. ಅವಳ ಅಡುಗೆಮನೆಯೊಳಗೆ ಯಾರೂ ಇಣುಕುವುದಿಲ್ಲ.

"ಗ್ರೆಗ್, ಲೈಲ್ ಬರೆದ ಮಾತನ್ನ..." ಎಂದು ಶುರುಮಾಡಿದಳು.

"ಹೇಳಿ."

ಪರದೆಯಲ್ಲಿ ಚಿತ್ರ ನಿಂತಿತ್ತು. ಲೈಲ್ ಕೈ ನೋಡುತ್ತಿರಲಿಲ್ಲ. ಮಾತು ಮುಗಿಸಿ, ನಾಲ್ಕು ಎಣಿಸುವಷ್ಟು ಕಾಯುವಾಗಿನ ಮುಖ ಅದು. ಕಣ್ಣು ಒಂದಿಷ್ಟು ಬಲಕ್ಕೆ, ಕೆಳಕ್ಕೆ ತಿರುಗಿತ್ತು. ಅಲ್ಲಿ ಗಿರಾಕಿ ಇರಲಿಲ್ಲ, ಕನ್ನಡಿ ಇರಲಿಲ್ಲ. ಮನೆಯ ಮೇಜಿನ ಮುಂದೆ ಅವಳು ಕೂರುತ್ತಿದ್ದ ಕಡೆ ಅದು.

"ಹಾಗಲ್ಲ ಬಡ್," ಎಂದಳು ವರ್ನಾ.

ಬಡ್ ಕಿವಿಯ ಹೆಡ್‌ಫೋನ್ ತೆಗೆದ. "ಮತ್ತೆ ಹೆಂಗೆ?"

"ನೀನು ಗಿರಾಕಿಗೆ ಹೇಳ್ತಿದ್ದೀಯ. ಅವನು ಗಿರಾಕಿಗೆ ಹೇಳ್ಲಿಲ್ಲ. ದುಃಖ ಇರ್ಲಿಲ್ಲ ಅದ್ರಲ್ಲಿ. ಹಾಲು ಹುಳಿಯಾಗಿದೆ ನೋಡು ಅಂತೀವಲ್ಲ, ಹಾಗೆ. ಮನೇಲಿ ಇನ್ನೊಬ್ರು ಇದ್ದಾರೆ, ಎದ್ದು ಬಂದು ನೋಡ್ತಾರೆ ಅಂತ ಗೊತ್ತಿರುವಾಗ ಹೇಳೋ ಹಾಗೆ."

"ನಿನಗೆ ಹೆಂಗೆ ಗೊತ್ತು? ವಿಮಾನದ ಗಲಾಟೇಲಿ ಧ್ವನಿ ಸರಿಯಾಗಿ ಕೇಳಲ್ವಲ್ಲ."

"ಅವತ್ತು ಬೆಳಿಗ್ಗೆ ನನಗೂ ಹೇಳಿದ್ದ."

ಗ್ರೆಗ್‌ನ ಮುಖ ಅರಳಿತು. "ಅಂದ್ರೆ ಮನೇಲೇ ಅಭ್ಯಾಸ ಮಾಡಿದ್ರಾ? ಮೊದ್ಲೇ ಯೋಚಿಸಿ ಇಟ್ಕೊಂಡಿದ್ರು!"

"ಅಭ್ಯಾಸ ಅಲ್ಲ."

ವರ್ನಾ ಹಸ್ತಪ್ರತಿಯ ಪುಟ ತೆರೆದು ಅವನ ಮುಂದಿಟ್ಟಳು. ಇಡೀ ಪುಟದ ಅಂಚಿನಲ್ಲಿ ಒಂದೇ ಒಂದು ಚುಕ್ಕೆ, "ಗಲ್ಲ ಎತ್ತು" ಎಂಬ ಸಾಲಿನ ಮೇಲುಗಡೆ. "ಅವನು ಮಾತು ಮರೆತ ಅಂದ್ಕೊಂಡೆ. ತಲೆ ಎತ್ತಿ ನೋಡ್ಲಿಲ್ಲ. ಹಿಂದಿನಿಂದ ಹೇಳು ಅಂತ ಪೆನ್ಸಿಲು ತಟ್ಟಿದೆ."

ಗ್ರೆಗ್ ಚುಕ್ಕೆಯನ್ನು ನೋಡಿದ, ಅವಳನ್ನು ನೋಡಿದ. ಅರ್ಥವಾಗುತ್ತ ಬಂದಂತೆ ಅವನ ಕೈ ಪುಟದಿಂದ ಹಿಂದೆ ಸರಿಯಿತು. ಬಡ್‌ಗೆ ವಿವರಿಸಬೇಕಾಗಿರಲಿಲ್ಲ, ಅವನು ಆ ಮೇಜಿನ ಬಳಿ ಎಷ್ಟೋ ಸಲ ಪೆನ್ಸಿಲಿನ ಸದ್ದು ಕೇಳಿದ್ದ.

"ತೆಗೆದುಬಿಡೋಣ ಮಿಸೆಸ್ ಓಸ್ಟ್‌ಬರ್ಗ್," ಎಂದ ಗ್ರೆಗ್ ಮೆಲ್ಲಗೆ. "ನನಗೆ ಗೊತ್ತಿರ್ಲಿಲ್ಲ. ಇನ್ನೊಂದು ದೃಶ್ಯ ಇದೆ."

"ಎರಡನೇ ಸಲ ಯಾಕೆ ಬರೆದ ಹಾಗೇ ಹೇಳಿದ ಗೊತ್ತಾ?" ವರ್ನಾ ಕೇಳಿದಳು. "ಅವನಿಗೆ ಅದು ರೂಢಿ. ಯಾರೂ ಏನೂ ಹೇಳದಿದ್ರೆ ಹಿಂದಿನ ವಾಕ್ಯಕ್ಕೆ ಹೋಗ್ತಾನೆ." ಅಂಚಿನ ಚುಕ್ಕೆಯ ಕಡೆ ನೋಡುತ್ತ ಹೇಳಿದಳು: "ಎರಡು ಕಡೆ ಹೇಳಿದಾನೆ. ಒಂದು ಕಡೆ ನಾನು ಅಳಿಸಿದ್ದಾಯ್ತು. ಇಲ್ಲಿ ಇರ್ಲಿ. ಬಡ್, ಹೇಳು."

ಪೀಪ್, ಪೀಪ್, ಪೀಪ್.

ಬಡ್ ಕಣ್ಣು ಮುಚ್ಚಿಕೊಂಡು ಹೇಳಿದ. ಏನೂ ಇಲ್ಲದ, ಬರೀ ಬೆಳಗಿನ ಹೊತ್ತಿನ ಧ್ವನಿ. ವರ್ನಾ ತಲೆ ಎತ್ತಿ ನೋಡಿದಳು. ಮಾತು ಮುಗಿದು, ಲೈಲ್ ಕಾದು, "ಗಲ್ಲ ಎತ್ತು" ಎನ್ನುವವರೆಗೂ ಅವನ ಮುಖ ಬಿಟ್ಟು ಬೇರೆ ಏನನ್ನೂ ನೋಡಲಿಲ್ಲ.

"ಇದೇ," ಎಂದಳು.

ಗ್ರೆಗ್ ಮರಳಿ ಕುರ್ಚಿಯಲ್ಲಿ ಕೂತ. "ಆ ನಡುವಿನ ಮೌನ ಮಾತ್ರ... ನಾಲ್ಕು ಸೆಕೆಂಡು ಸ್ವಲ್ಪ ಉದ್ದ ಅಂತ ಸಂಕಲನದವರು..."

"ಅದನ್ನ ಕತ್ತರಿಸಬೇಡಿ."

"ಇಲ್ಲ," ಎಂದ ಗ್ರೆಗ್. "ಇಲ್ಲ, ಕತ್ತರಿಸಲ್ಲ."

ಬಡ್‌ನ ಮಾತಿನ ಕೆಳಗೆ ಆ ದಿನದ ಕೋಣೆಯ ಸದ್ದು ಹಾಸಬೇಕಿತ್ತು. ಯಾವ ದೃಶ್ಯ ಮುಗಿದರೂ ಕೊನೆಗೆ ಎಲ್ಲರೂ ಇದ್ದಲ್ಲೇ ಅಲುಗಾಡದೆ ನಿಂತು, ಬರಿಯ ಮೌನವನ್ನು ಅರ್ಧ ನಿಮಿಷ ಹಿಡಿದಿಟ್ಟುಕೊಳ್ಳುತ್ತಾರೆ. ಆ ಕ್ಷೌರದ ಅಂಗಡಿಯದೂ ಇತ್ತು. "ಎಲ್ಲರೂ ಇದಾರೆ ಇದ್ರಲ್ಲಿ. ಲೈಲ್ ಸಾಹೇಬ್ರೂ ಕುರ್ಚಿ ಪಕ್ಕ ನಿಂತಿದ್ರು," ಎಂದಳು ರೋಸಾ. "ಕೇಳಿಸ್ಲಾ?"

ವರ್ನಾ ಹೂಂ ಎಂದು ತಲೆಯಾಡಿಸಿದಳು.

ಪರದೆ ಕಪ್ಪಾಯಿತು. ಮೊದಲು ಏನೂ ಇರಲಿಲ್ಲ. ಆಮೇಲೆ ದೀಪಗಳ ಸಣ್ಣ ಗುಂಯ್ ಸದ್ದು, ದೂರದಲ್ಲಿ ಯಾರದೋ ಬೂಟಿನ ಕಿರುಗುಟ್ಟು, ಹತ್ತಾರು ಜನ ಬಿಗಿಹಿಡಿದು ಬಿಡುತ್ತಿದ್ದ ಉಸಿರು. ಅದರಲ್ಲೊಂದು ಮೂಗಿನಲ್ಲಿ ಸ್ವಲ್ಪ ಸಿಕ್ಕಿಕೊಳ್ಳುತ್ತಿತ್ತು.

ಪೆನ್ಸಿಲು ಯಾವಾಗ ಕೈಗೆ ಬಂದಿತ್ತೋ ಅವಳಿಗೆ ಗೊತ್ತಿರಲಿಲ್ಲ. ಅದರ ತುದಿ ಮೇಜಿನಿಂದ ಒಂದು ಬೆರಳಿನಷ್ಟು ಮೇಲೆ ನಿಂತಿತ್ತು. ವರ್ನಾ ಅದನ್ನು ಅಡ್ಡ ತಿರುಗಿಸಿ, ಎರಡೂ ಕೈಗಳಲ್ಲಿ ಹಿಡಿದು, ಮಲಗಿರುವವರ ಪಕ್ಕದಲ್ಲಿ ಕನ್ನಡಕ ಇಡುವಂತೆ, ಸದ್ದಾಗದ ಹಾಗೆ ಕಂಬಳಿಯ ಮೇಲೆ ಇಟ್ಟಳು.