ಲೈನ್ ಬಾಕ್ಸಿನ ಮರಿ

ವಾಡಿ ಜಂಕ್ಷನ್ನಿನ ನಿವೃತ್ತ ಗಾರ್ಡ್ ದೇವಿಂದ್ರಪ್ಪನವರು ಹೆಂಡತಿಯನ್ನೂ ಸೀಟಿ ಊದಿಯೇ ಕರೆಯುತ್ತಿದ್ದರು. ಮಾತೆಂಬುದು ಅವರ ಪಾಲಿಗೆ ಅಪಘಾತದ ವೇಳೆಯಲ್ಲಿ ಮಾತ್ರ ಬಳಸತಕ್ಕ ಸಾಮಗ್ರಿ. ನೌಕರಿ ಮುಗಿದರೂ ಮೈಮೇಲಿನ ಕೋಟು ಇಳಿದಿರಲಿಲ್ಲ; ಊರಿನ ಸಿಮೆಂಟು ಧೂಳು ಕುಳಿತು ಕುಳಿತು ಅದು ಕಪ್ಪೋ ಬೂದಿಯೋ ಎಂಬುದನ್ನು ತೀರ್ಮಾನಿಸಲು ಕೋಟಿಗೊಂದು ಕೋರ್ಟೇ ಬೇಕಿತ್ತು. ಯಾರೊಡನೆ ಹೊರಟರೂ ಎಲ್ಲರನ್ನೂ ಮುಂದೆ ಬಿಟ್ಟು ತಾವು ರೈಲಿನ ಗಾರ್ಡ್ ಡಬ್ಬಿಯಂತೆ ಕೊನೆಯಲ್ಲಿ ನಡೆಯುವರು. ಅವರ ಹಿಂದೆ ಯಾರೂ ಇರುತ್ತಿರಲಿಲ್ಲ, ಮಕ್ಕಳೂ ಇರಲಿಲ್ಲ.

ಅಂಥವರ ಹಿಂದೆ ಒಂದು ದಿನ ನಾಯಿಮರಿಯೊಂದು ಮನೆಯವರೆಗೆ ಬಂತು. ಅವರು ನಿಂತು ತಿರುಗಿ ನೋಡಿದರಂತೆ, ಅಷ್ಟೇ, ಸೋತರು.

ಹೆಂಡತಿ ಮಹಾದೇವಮ್ಮ ಹೊಸ್ತಿಲಲ್ಲೇ ಕರಾರು ಹಾಕಿದರು: “ಇದು ಲಿಂಗಪೂಜಿ ಮನಿ. ಫರಸಿ ನೆಲದ ಮ್ಯಾಲ ಒಂದು ಹನಿ ಬಿತ್ತಂದ್ರ ಮರಿ ನಾಲವಾರಕ್ಕ, ನಮ್ಮಣ್ಣನ ಹೊಲಕ್ಕ.”

“ಕಬೂಲ್,” ಎಂದರು ದೇವಿಂದ್ರಪ್ಪ.

ಅದೇ ಓಣಿಯ ಹುಡುಗನಾದ ನಾನು ಮರುದಿನ ಮರಿ ನೋಡಲು ಹೋದವನು ಕಂಡದ್ದನ್ನು ನಂಬಲಾರದೆ ಬಾಗಿಲಲ್ಲೇ ನಿಂತೆ. ಗಾರ್ಡುಗಳು ಬಾವುಟ, ಕಂದೀಲು ಇಟ್ಟುಕೊಂಡು ಒಯ್ಯುವ ಮರದ ಲೈನ್ ಬಾಕ್ಸಿಗೆ ಸರಳು ಬಡಿದು, ಆ ಕೂಸನ್ನು ಅದರೊಳಗೆ ಕೂರಿಸಿದ್ದರು! ಪಕ್ಕದ ಮನೆಯ ಫೈರ್‌ಮನ್ ಖಾಜಾಮಿಯಾನ ಮುಖವಂತೂ ಸುಣ್ಣವಾಗಿತ್ತು.

“ಗಾರ್ಡ್ ಸಾಬ್, ಜೀವ ಇದ್ದದ್ದಕ್ಕ ಜೇಲ್ ಹಾಕ್ತಾರೇನ್ರಿ?”

“ಜೇಲ್ ಅಲ್ಲೋ, ಕ್ವಾರ್ಟರ್ಸ್. ಮಲಗೋ ಜಾಗಾ ಯಾರೂ ಹೊಲಸ ಮಾಡ್ಕೊಳ್ಳಂಗಿಲ್ಲ.”

ಯಾವನೋ ಆಂಗ್ಲೋ-ಇಂಡಿಯನ್ ಡ್ರೈವರ್ ಕಲಿಸಿದ ವಿದ್ಯೆಯಂತೆ. ಉಂಡೆದ್ದರೆ, ನಿದ್ದೆಯಿಂದೆದ್ದರೆ ಮರಿಯನ್ನು ಹಿತ್ತಲ ಬೇವಿನ ಬುಡಕ್ಕೆ ಒಯ್ದು ಸೀಟಿ ಊದುವರು. ಅದು ಕೆಲಸ ಮುಗಿಸಿದೊಡನೆ ಬಾಯಿಗೆ ಬೆಲ್ಲದ ಚೂರು. ಅದು ಅಳುವಾಗ ಕೋಟುಸಮೇತ ನೆಲಕ್ಕೆ ಬಿದ್ದು, ಪೆಟ್ಟಿಗೆಯೊಳಗೆ ತಲೆ ತೂರಿಸಿ, ಹೆಂಡತಿಯೊಡನೆ ಜನ್ಮದಲ್ಲಿ ಆಡದಷ್ಟು ಮಾತನ್ನು ಅದರೊಡನೆ ಆಡುತ್ತಿದ್ದರು. ನಮಗೆ ಬೆರಳೆತ್ತಿ ಅಪ್ಪಣೆ ಬೇಡುವುದನ್ನು ಕಲಿಸಲು ಕಾನ್ವೆಂಟಿನ ಸಿಸ್ಟರುಗಳು, ನಮ್ಮ ಬಾಯಲ್ಲಿ ‘ಶಿಸ್ತರುಗಳು’, ವರ್ಷವಿಡೀ ಹೆಣಗಿದ್ದರು. ಈ ಮರಿ ಮಳೆಗಾಲ ಮುಗಿಯುವಷ್ಟರಲ್ಲಿ ಪಾಸಾಯಿತು. ಸ್ಟೇಷನ್ನಿನಲ್ಲಿ ಯಾವ ಗಾರ್ಡು ಸೀಟಿ ಊದಿದರೂ ಅದು ಬೇವಿನ ಬುಡಕ್ಕೆ ಓಡುತ್ತಿತ್ತು. ಜಂಕ್ಷನ್ ಊರಿನಲ್ಲಿ ಸೀಟಿಗೇನು ಬರ? ನಾವೆಲ್ಲ ನಕ್ಕರೂ ದೇವಿಂದ್ರಪ್ಪನವರು ಮಾತ್ರ ಎದೆಯುಬ್ಬಿಸಿ ನೋಡುತ್ತಿದ್ದರು.

ಕಾರ್ತಿಕದ ಸೋಮವಾರವೊಂದರಲ್ಲಿ ಊರಿನ ವೃದ್ಧ ಅಯ್ಯನವರು ಪಾದಪೂಜೆಗೆ ಬಂದಿದ್ದರು; ಪ್ರಸಾದಕ್ಕೆಂದು ಓಣಿಯವರೆಲ್ಲ ಸೇರಿದ್ದೆವು. ಗಾಳಿ ಎದ್ದು ಧೂಳು ಬರುತ್ತದೆಂದು ಮಹಾದೇವಮ್ಮ ಹಿತ್ತಲ ಬಾಗಿಲಿಗೆ ಚಿಲಕ ಹಾಕಿದರು. ಮಂತ್ರದ ನಡುವೆ ಸ್ಟೇಷನ್ನಿನಿಂದ ಸೀಟಿ ಕೇಳಿತು. ಮರಿ ಓಡಿತು, ಬಾಗಿಲನ್ನು ಕೆರೆಯಿತು, ಗಾರ್ಡರ ಮುಖ ನೋಡಿತು. ಆಮೇಲೆ ಆಜ್ಞೆ ಮೀರಲಾರದ ಪ್ರಾಮಾಣಿಕ ನೌಕರನಂತೆ, ಅಯ್ಯನವರು ಮಡಿಸಿಟ್ಟ ಶಾಲಿನ ಮೇಲೆಯೇ ಕರ್ತವ್ಯ ಮುಗಿಸಿ, ಬೆಲ್ಲಕ್ಕಾಗಿ ಬಾಲ ಆಡಿಸಿತು.

ಸಿಡಿಲು ಬಡಿದ ಮನೆಯಲ್ಲೂ ಇನ್ನಿಷ್ಟು ಸದ್ದಿರುತ್ತದೆ. ನಮ್ಮನ್ನು ಇನ್ನಷ್ಟು ದಂಗುಬಡಿಸಿದವರು ದೇವಿಂದ್ರಪ್ಪನವರು: ಕ್ಷಮೆ ಕೇಳಲಿಲ್ಲ, ವಾದಿಸಲಿಲ್ಲ; ಎದ್ದು ಮರಿಯನ್ನು ಪೆಟ್ಟಿಗೆಯಲ್ಲಿಟ್ಟು, ಪೆಟ್ಟಿಗೆಯನ್ನು ಹೆಗಲಿಗೇರಿಸಿ, “ನಾಲವಾರದ ಗಾಡಿಗಿ ಟೈಮದ,” ಎಂದರು.

ಮಹಾದೇವಮ್ಮ ಚಿಲಕವನ್ನೊಮ್ಮೆ, ಗಂಡನನ್ನೊಮ್ಮೆ ನೋಡಿದರು.

“ಇಳಸ್ರಿ ಅದನ್ನ. ಸೀಟಿ ಆತು, ಅದು ಹೊಂಟಿತ್ತು. ದಾರಿ ಕಟ್ಟಿದಾಕಿ ನಾ. ನಾಲವಾರಕ್ಕ ಕಳಸೋದಿದ್ರ ನನ್ನ ಕಳಸ್ರಿ.”

“ಶಾಲ ಒಗದ್ರ ಹೋಗ್ತದವ್ವ,” ಎಂದರು ಅಯ್ಯನವರು, ಕಾಲನ್ನು ಸ್ವಲ್ಪ ದೂರ ಸರಿಸಿಕೊಳ್ಳುತ್ತ.

ಪೆಟ್ಟಿಗೆ ಇಳಿಯಿತು. ದೇವಿಂದ್ರಪ್ಪನವರು ಅದರ ಪಕ್ಕದಲ್ಲೇ ಕುಸಿದು ಕುಳಿತು ಕೋಟಿನ ತೋಳಿನಿಂದ ಮುಖ ಒರೆಸಿಕೊಂಡರು.

ಕಾಯಿದೆಯಂತೆ ಬದುಕುವವರಿಗೆ ಕರುಳಿಲ್ಲವೆಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ. ಅವರು ಕೊಟ್ಟ ಮಾತಿಗೆ ತಮ್ಮ ಕರುಳನ್ನೇ ಒತ್ತೆ ಇಟ್ಟಿರುತ್ತಾರೆ. ಯಾರಾದರೂ ದಯೆ ತೋರಿಸಿದ ಮಾತ್ರಕ್ಕೆ ಆ ಒತ್ತೆಯನ್ನು ಬಿಡಿಸಿಕೊಳ್ಳಲಾರರು. ಅವರ ಕಾಯಿದೆಯನ್ನು ಅವರಷ್ಟೇ ಬಲ್ಲ ಒಬ್ಬರು ಮನೆಯಲ್ಲಿದ್ದು, ತಪ್ಪು ತಮ್ಮದೆಂದು ಎದ್ದು ಹೇಳಿದಾಗ ಮಾತ್ರ ಅವರು ಹೆಗಲ ಭಾರವನ್ನು ಕೆಳಗಿಳಿಸುತ್ತಾರೆ.